ಕಳ್ಳ ಅಂದರು ಅಂತ ಊರಿಗೆ ಓಡಿ ಬರಬೇಡ

ಮೊಗಾ, ಕಾಮಗೆರೆಯಲ್ಲಿ ಬಸ್ಸು ಹತ್ತಿ ಕೆಲಸಕ್ಕೆ ಹೋಗೋ ನಿಮ್ಮನ್ನೆಲ್ಲ ದಿನಾ ನೋಡ್ತೀನಿ. ಒಬ್ಬರು ಕೊಳ್ಳೇಗಾಲದ ರೇಷ್ಮೆ ಕೆಲಸಕ್ಕೆ, ಒಬ್ಬರು ನಂಜನಗೂಡಿನ ಕಾರ್ಖಾನೆಗೆ, ಇನ್ನೊಬ್ಬರು ಬೆಂಗಳೂರಿನ ಗಾರ್ಮೆಂಟ್ಸಿಗೆ. ಬುತ್ತಿ ಮರೆತರೂ ಮೊಬೈಲು ಮರೆಯೋ ಪೈಕಿ ಅಲ್ಲ ನೀವು. ಇರಲಿ. ಕೈ ಚುರುಕು, ಕಲಿಯೋ ಬುದ್ಧಿನೂ ಇದೆ. ಆದರೆ ಸಿಟ್ಟು ಮೂಗಿನ ತುದೀಲಿದೆ. ಅದಕ್ಕೇ ಒಂದು ಮಾತು ಮುಂಚೆಯೇ ಹೇಳಿಬಿಡ್ತೀನಿ.

ಒಂದಲ್ಲ ಒಂದು ದಿನ ಜತೆ ಕೆಲಸದವರ ಪರ್ಸೋ, ಕಿವಿಯ ಓಲೆಯೋ, ಚೀಟಿ ಕಟ್ಟೋಕೆ ತಂದಿದ್ದ ದುಡ್ಡೋ ಕಾಣೆಯಾಗುತ್ತೆ. ನೀನು ಮುಟ್ಟಿಲ್ಲ. ಆದರೂ ಎಲ್ಲರ ಕಣ್ಣು ನಿನ್ನ ಮೇಲೆ. ಆವತ್ತು ನಿನ್ನ ವಯಸ್ಸು ನಿನಗೆ ಮೂರು ದಾರಿ ತೋರಿಸುತ್ತೆ. ಕತ್ತಿನ ಪಟ್ಟಿ ಹಿಡಿದು ಜಗಳಕ್ಕೆ ಹೋಗೋದು ಒಂದು. ‘ನಿಮ್ಮ ಕೆಲಸವೇ ಬೇಡ’ ಅಂತ ಚೀಲ ಎತ್ಕೊಂಡು ಊರಿಗೆ ಬರೋದು ಎರಡು. ‘ಗಲಾಟೆ ಮುಗಿದರೆ ಸಾಕು’ ಅಂತ ದುಡ್ಡು ಕಟ್ಟಿ, ಹೇಳಿದ ಕಡೆ ಸಹಿ ಹಾಕೋದು ಮೂರು. ಮೂರೂ ಬೇಡ. ಜಗಳ ಆಡಿದರೆ ಕಳ್ಳತನದ ಮಾತು ಪಕ್ಕಕ್ಕೆ ಹೋಗಿ ನಿನ್ನ ಹೊಡೆದಾಟವೇ ಕೇಸಾಗುತ್ತೆ. ಊರಿಗೆ ಬಂದರೆ ‘ಕದ್ದಿದ್ದಕ್ಕೇ ಓಡಿದ’ ಅಂತಾರೆ. ದುಡ್ಡು ಕಟ್ಟಿದರಂತೂ ಮುಗೀತು, ಮಾಡದ ತಪ್ಪನ್ನು ನೀನೇ ಒಪ್ಪಿಕೊಂಡ ಹಾಗೆ.

ಮುಖ ಕೆಂಪಾಗುತ್ತೆ, ಮಾತು ತೊದಲುತ್ತೆ. ಹೆದರಬೇಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ಎಷ್ಟು ಅಮಾಯಕರಿಗೆ ಅನ್ಯಾಯ ಮಾಡಿದೆಯೋ! ಮಾನವಂತರು ಕೂಡ ಹೆಗಲು ಮುಟ್ಟಿ ನೋಡ್ಕೋತಾರೆ. ಕದ್ದು ಪಳಗಿದವನೇ ಆರಾಮಾಗಿ ಕೂತಿರ್ತಾನೆ. ನಡುಕ ಸಾಕ್ಷಿ ಅಲ್ಲ. ಆ ಹೊತ್ತಲ್ಲಿ ಒಂದು ಲೋಟ ನೀರು ಕುಡಿ, ಒಂದೇ ಮಾತು ಹೇಳು: ‘ನಾನು ತೆಗೆದಿಲ್ಲ. ವಿಚಾರಣೆ ಮಾಡಿ, ನಾನು ಇಲ್ಲೇ ಇರ್ತೀನಿ.’ ಇದಕ್ಕಿಂತ ಹೆಚ್ಚು ಮಾತು ಬೇಡ. ಒಂದು ಗಂಟೆ ವಿವರಿಸೋಕೆ ಹೋಗಿ ಬೆಳಗ್ಗೆ ಒಂದು, ಸಂಜೆ ಒಂದು ಹೇಳಿದರೆ ಅದನ್ನೇ ಹಿಡ್ಕೋತಾರೆ.

‘ಹಾಗಾದರೆ ಮಾದಪ್ಪನ ಮೇಲೆ ಆಣೆ ಇಡು’ ಅನ್ನೋರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಆ ಮಾದಪ್ಪನ ಕಥೆಯನ್ನೇ ಜ್ಞಾಪಿಸ್ಕೋ. ಕಂಸಾಳೆಯವರು ಹಾಡೋ ಸಂಕಮ್ಮನ ಸಾಲು ಕೇಳಿದ್ದೀಯಲ್ಲ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನ ಮೇಲೆ ಅನುಮಾನ ಪಟ್ಟು ಬಲಗೈ ಭಾಷೆ ಕೊಡು ಅಂದ. ಅವಳು ಕೊಡಲಿಲ್ಲ. ಹಿಂಸೆ ಕೊಟ್ಟರೂ ಕೊಡಲಿಲ್ಲ. ಕೊನೆಗೆ ಮಾದಪ್ಪ ಬಂದು ನಿಂತದ್ದು ಭಾಷೆ ಕೇಳಿದವನ ಕಡೆ ಅಲ್ಲ, ಕೊಡದವಳ ಕಡೆ. ಆಣೆ ಹಾಕಿದರೆ ಕಳೆದ ದುಡ್ಡು ಸಿಗಲ್ಲ, ಅನುಮಾನವೂ ಹೋಗಲ್ಲ. ನಾಳೆ ಇನ್ನೊಬ್ಬ ಬಂದು ಇನ್ನೊಂದು ದೇವರ ಹೆಸರು ಹೇಳ್ತಾನೆ.

ಈಗ ಸಹಿಯ ವಿಷಯ. ಇದನ್ನು ಕಿವಿಗೊಟ್ಟು ಕೇಳು. ‘ತಪ್ಪಾಯ್ತು ಅಂತ ಎರಡು ಸಾಲು ಬರೆದುಕೊಡು, ಪೊಲೀಸರವರೆಗೆ ಹೋಗೋದು ಬೇಡ’ ಅಂತ ಸೂಪರ್‌ವೈಸರು ನಯವಾಗಿ ಹೇಳಬಹುದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸೋ ಹಾಗಿಲ್ಲ ಅನ್ನುತ್ತೆ ನಮ್ಮ ಕಾನೂನು. ಆದರೆ ಮೇಲಧಿಕಾರಿಗೆ ನಿನ್ನ ಕೈಯಾರೆ ಬರೆದುಕೊಟ್ಟ ಕಾಗದಕ್ಕೆ ಆ ರಕ್ಷಣೆ ಇಲ್ಲ. ಸ್ಟೇಷನ್ನಿಗಿಂತ ಆಫೀಸಿನ ಆ ಕುರ್ಚಿಯೇ ನಿನಗೆ ಅಪಾಯ.

ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಏನಾಯ್ತು ಗೊತ್ತಾ? 1999ರಲ್ಲಿ ಅಲ್ಲಿಗೆ ಹೊರೈಜನ್ ಅನ್ನೋ ಕಂಪ್ಯೂಟರ್ ಲೆಕ್ಕ ಬಂತು. ಅದರ ದೋಷದಿಂದ ಇಲ್ಲದ ಕೊರತೆ ತೋರಿಸ್ತು. ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಂತ ಹಳ್ಳಿ ಅಂಚೆ ನಡೆಸೋರನ್ನೇ ಕಳ್ಳರು ಅಂದರು. 2015ರವರೆಗೆ 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯ್ತು. ಸೀಮಾ ಮಿಶ್ರಾ ಅನ್ನೋ ನಮ್ಮ ದೇಶ ಮೂಲದ ಹೆಣ್ಣುಮಗಳನ್ನು 2010ರಲ್ಲಿ ಬಸುರಿಯಾಗಿದ್ದಾಗಲೇ ಜೈಲಿಗೆ ಹಾಕಿದರು. ಜೋ ಹ್ಯಾಮಿಲ್ಟನ್ ಅನ್ನೋರು ಮನೆ ಅಡ ಇಟ್ಟು ದುಡ್ಡು ಕಟ್ಟಿದರು. ಕಳ್ಳತನದ ಕೇಸು ಬಿಡ್ತೀವಿ ಅಂದದ್ದಕ್ಕೆ ಸುಳ್ಳು ಲೆಕ್ಕ ಬರೆದೆ ಅಂತ ಒಪ್ಪಿಕೊಂಡರು. ಇಬ್ಬರ ಮೇಲಿನ ತೀರ್ಪೂ ರದ್ದಾಗೋಕೆ 2021 ಬರಬೇಕಾಯ್ತು. ಅಲನ್ ಬೇಟ್ಸ್ ಅನ್ನೋರು ಮಾತ್ರ ಆ ಕೊರತೆ ನನ್ನದಲ್ಲ ಅಂತ ಪಟ್ಟು ಹಿಡಿದರು. 2003ರಲ್ಲಿ ಅಂಚೆ ಕೆಲಸ ಹೋಯ್ತು. ಒಂದೊಂದು ಕಾಗದವನ್ನೂ ಜೋಪಾನ ಮಾಡಿ, ತಮ್ಮಂಥವರನ್ನೆಲ್ಲ ಕಲೆಹಾಕಿ 2019ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು. ಮೊಗಾ, ಗೆಲುವು ತಡವಾಗಿಯೇ ಬಂತು. ಆದರೆ ಬಂದದ್ದು ಕಾಗದ ಇಟ್ಟುಕೊಂಡು ಪಟ್ಟು ಬಿಡದೆ ನಿಂತವರಿಂದ.

ನೀನೂ ಕಾಗದ ಹಿಡಿ. ಆವತ್ತೇ ರಾತ್ರಿ ಕೂತು ಬರೆದಿಡು: ಎಷ್ಟು ಹೊತ್ತಿಗೆ ಒಳಗೆ ಬಂದೆ, ಯಾರ ಪಕ್ಕ ಕೂತಿದ್ದೆ, ಊಟಕ್ಕೆ ಎಷ್ಟೊತ್ತಿಗೆ ಎದ್ದೆ, ಯಾರು ಏನಂದರು. ಕ್ಯಾಮೆರಾ ಇದ್ದರೆ ಆ ದಿನದ ದೃಶ್ಯ ಅಳಿಸದೆ ಉಳಿಸಿ ಅಂತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಹಾಕಿಸ್ಕೋ. ಹಳೇ ದೃಶ್ಯದ ಮೇಲೆ ಹೊಸದು ದಾಖಲಾಗಿಬಿಡುತ್ತೆ, ತಡ ಮಾಡಬೇಡ. ವಾಟ್ಸಾಪ್ ಗುಂಪಿನಲ್ಲಿ ನಿನ್ನ ಹೆಸರೆತ್ತಿ ಕಳ್ಳ ಅಂದಿದ್ದರೆ ಅದರ ಚಿತ್ರ ತೆಗೆದಿಡು. ತಿರುಗಿ ಬರೆಯಬೇಡ. ಸ್ಟೇಟಸ್ಸಿನಲ್ಲಿ ಗುಡುಗೋದಂತೂ ಬೇಡವೇ ಬೇಡ, ನಿನ್ನ ಗುಡುಗು ನಂಗೊತ್ತು.

ಚೀಲ ನೋಡಬೇಕು ಅಂದರೆ ನಾಲ್ಕು ಜನರ ಮುಂದೆ ನೀನೇ ಬಿಚ್ಚಿ ತೋರಿಸು. ಮೈಮೇಲಿನ ಬಟ್ಟೆಗೆ ಕೈ ಹಾಕಿಸ್ಕೋಬೇಡ. ಪೊಲೀಸರೇ ಬಂದರೂ ಹೆಣ್ಣುಮಗಳನ್ನು ಹೆಣ್ಣೇ, ಮರ್ಯಾದೆಗೆ ಕುಂದು ಬಾರದ ಹಾಗೆ ತಪಾಸಣೆ ಮಾಡಬೇಕು. ಒಪ್ಪಿಕೊಳ್ಳೋವರೆಗೂ ಬಿಡಲ್ಲ ಅಂತ ಕೋಣೇಲಿ ಕೂಡಿಹಾಕಿದರೆ ಅದೇ ಒಂದು ಅಪರಾಧ. ದೊಡ್ಡ ಕಾರ್ಖಾನೆಯಾದರೆ ಆರೋಪ ಏನು ಅಂತ ಬರವಣಿಗೇಲಿ ಕೊಟ್ಟು, ನಿನ್ನ ಉತ್ತರ ಕೇಳಿ, ವಿಚಾರಣೆ ನಡೆಸಬೇಕು. ಅಲ್ಲೀತನಕ ಅಮಾನತಿನಲ್ಲಿಟ್ಟರೂ ಮೊದಲ 90 ದಿನ ಅರ್ಧ ಸಂಬಳ, ಆಮೇಲೂ ನಿನ್ನ ಕಾರಣವಿಲ್ಲದೆ ಎಳೆದರೆ ಮುಕ್ಕಾಲಾದರೂ ಕೊಡಬೇಕು. ವಿಷಯ ಕೈಮೀರಿತು ಅನ್ನಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗು, ಇಲ್ಲ 15100ಕ್ಕೆ ಫೋನ್ ಮಾಡು. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ವಕೀಲರನ್ನು ಪುಕ್ಕಟೆ ಕೊಡ್ತಾರೆ.

ಒಂದು ಕಹಿ ಮಾತೂ ಹೇಳಬೇಕು. ಅನುಮಾನ ಎಲ್ಲರ ಮೇಲೂ ಸಮನಾಗಿ ಬೀಳಲ್ಲ. ಹೊಸದಾಗಿ ಸೇರಿದವರು, ಕಸ ಗುಡಿಸೋ ಅಕ್ಕ, ಬೆಟ್ಟದ ಪೋಡಿನಿಂದ ಬಂದ ಸೋಲಿಗರ ಹುಡುಗ, ಹೋದ ವಾರ ಸಾಲ ಕೇಳಿದವನು, ಇವರ ಮೇಲೇ ಮೊದಲು. 1871ರಲ್ಲಿ ಬ್ರಿಟಿಷರು ಕೆಲವು ಕುಲಗಳನ್ನೇ ಹುಟ್ಟಾ ಅಪರಾಧಿಗಳು ಅಂತ ಕಾಯ್ದೆ ಮಾಡಿದ್ದರು. 1952ರಲ್ಲಿ ಅದು ರದ್ದಾದರೂ ಆ ದೃಷ್ಟಿ ಇನ್ನೂ ಪೂರ್ತಿ ಹೋಗಿಲ್ಲ. ನಿನ್ನ ಮೇಲೆ ಬಂದದ್ದು ನಿನ್ನ ನಡತೆಯ ತೀರ್ಪು ಅಂತ ರಾತ್ರಿಯೆಲ್ಲ ಕೊರಗಬೇಡ. ಮನೆಯವರಿಗೆ ಆವತ್ತೇ ಹೇಳು. ಅಪ್ಪನಿಗೆ ಬೇರೆಯವರ ಬಾಯಿಂದ ಗೊತ್ತಾಗೋದಕ್ಕಿಂತ ನಿನ್ನ ಬಾಯಿಂದ ಗೊತ್ತಾಗಲಿ. ಜೋ ಹ್ಯಾಮಿಲ್ಟನ್ ಪರವಾಗಿ ಅವರ ಊರಿನವರು ಕೋರ್ಟಿಗೇ ಬಂದು ನಿಂತರಂತೆ. ನಿನಗೂ ಊರಿದೆ, ಮನೆಯಿದೆ.

ಜನ ಪಕ್ಕದಲ್ಲಿ ನಿಲ್ಲಬೇಕಾದರೆ ದಿನದಿನದ ನಡತೆ ನೇರವಾಗಿರಬೇಕು, ಅದೂ ನಿಜ. ಪಕ್ಕದವರ ಚಾರ್ಜರು ಕೇಳದೆ ತಗೊಳ್ಳೋದು, ಐವತ್ತು ರೂಪಾಯಿ ಈಸ್ಕೊಂಡು ಮರೆಯೋದು, ಇನ್ನೊಬ್ಬರ ಚೀಲದಿಂದ ತಮಾಷೆಗೆ ತಿಂಡಿ ತೆಗೆಯೋದು. ಇವು ನಿನಗೆ ಸಲಿಗೆ. ವಸ್ತು ಕಳೆದ ದಿನ ಅವರಿಗೆ ಇವೇ ನೆನಪಾಗೋದು. ಇವತ್ತೇ ಬಿಡು. ಅಕಸ್ಮಾತ್ ನಿಜವಾಗಲೂ ಕೈ ಸೋತು ತೆಗೆದಿದ್ದರೆ ಇನ್ನೊಬ್ಬರು ಬೈಸಿಕೊಳ್ಳೋದನ್ನು ನೋಡುತ್ತಾ ಕೂರಬೇಡ. ಹೋಗಿ ವಾಪಸ್ಸು ಕೊಡು.

ಬಹಳ ಸಲ ಆ ವಸ್ತು ಮಿಷಿನ್ನಿನ ಅಡಿಯಲ್ಲೋ, ಅವರದೇ ಮನೆಯ ಬೀರುವಿನಲ್ಲೋ ಸಿಗುತ್ತೆ. ಆಗ ಎಲ್ಲರೂ ‘ಆಯ್ತು ಬಿಡು’ ಅಂದು ಕೆಲಸಕ್ಕೆ ಹೋಗ್ತಾರೆ. ನೀನು ಬಿಡಬೇಡ. ನಾಲ್ಕು ಜನರ ಮುಂದೆ ಅಂದದ್ದನ್ನು ನಾಲ್ಕು ಜನರ ಮುಂದೆಯೇ ವಾಪಸ್ಸು ತಗೊಳ್ಳಿ ಅಂತ ಮೆತ್ತಗೆ, ನಗುಮುಖದಲ್ಲೇ ಕೇಳು. ಕಾಗದ ಕೊಟ್ಟಿದ್ದರೆ ಕಾಗದದಲ್ಲೇ ರದ್ದು ಮಾಡಿಸು. ಅಷ್ಟು ಮಾಡಿದ ಮೇಲೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ, ಅವರ ಜತೆಗೇ ಕೂತು ಊಟ ಮಾಡು.

ಇನ್ನೊಂದು ದಿನ ನಿನ್ನದೇ ಪರ್ಸು ಕಾಣೆಯಾಗುತ್ತೆ, ಬರೆದಿಟ್ಟುಕೋ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ಕಾಣದೇ ಇದ್ದದ್ದಕ್ಕೆ ಯಾರ ಹೆಸರನ್ನೂ ಎತ್ತಬೇಡ. ‘ನನ್ನ ಪರ್ಸು ಕಾಣ್ತಿಲ್ಲ, ಹುಡುಕೋಕೆ ಬನ್ನಿ’ ಅನ್ನು. ಮೊದಲು ನಿನ್ನ ಚೀಲ ಒದರು, ಜೇಬು ನೋಡು, ಮನೆಗೆ ಫೋನ್ ಮಾಡಿ ಕೇಳು. ‘ಅವನೇ ಇರಬೇಕು’ ಅಂತ ಪಕ್ಕದವರು ಕಿವಿಯಲ್ಲಿ ಊದಿದರೆ ‘ನೋಡಿದ್ದೀಯಾ?’ ಅಂತ ಒಂದೇ ಪ್ರಶ್ನೆ ಕೇಳು. ನೋಡಿಲ್ಲ ಅಂದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸು. ನಿನ್ನ ಮೇಲೆ ಆರೋಪ ಬಂದಾಗ ಯಾರಾದರೂ ಒಬ್ಬರು ಹೀಗೆ ಕೇಳಲಿ ಅಂತ ನೀನು ಎಷ್ಟು ಬಯಸುತ್ತೀಯೋ, ಇನ್ನೊಬ್ಬರ ಪಾಲಿಗೆ ಕೇಳೋರು ನೀನೇ ಆಗು.