ಕಾದಂಬರಿಯಲ್ಲಿ ಮದುವೆ, ಟಿವಿಯಲ್ಲಿ ಒಂಟಿ: ಯಾವುದನ್ನು ನಂಬಲಿ?

ಪ್ರಶ್ನೆ: ನನಗೆ ಐವತ್ತು ದಾಟಿದೆ. ಊರು ಧಾರವಾಡ, ವಾಸ ದೆಹಲಿಯ ಮಯೂರ್ ವಿಹಾರ್ ಫೇಸ್ 1. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡಿ ಮರುಳಾದವನು. ಆಮೇಲೆ ಅದರ ಕಾದಂಬರಿಗಳನ್ನು ವರ್ಷಗಟ್ಟಲೆ ಓದಿದೆ. ಈಗ ಹೊಸ ಧಾರಾವಾಹಿ ಬಂದು ಕಥೆಯನ್ನೇ ಬೇರೆ ಮಾಡಿದೆ. ನಾನು ಓದಿದ್ದೆಲ್ಲ ಸುಳ್ಳಾಯಿತೇ? ಮನೆಯಲ್ಲಿ ಹೇಳಿದರೆ ನಗುತ್ತಾರೆ.

ಉತ್ತರ: ನಗುವವರು ನಗಲಿ, ನಿಮ್ಮ ಬೇಸರಕ್ಕೆ ಕಾರಣವಿದೆ. ಕಾದಂಬರಿಗಳಲ್ಲಿ ಕ್ಯಾಪ್ಟನ್ ಪಿಕಾರ್ಡ್ ಡಾಕ್ಟರ್ ಬೆವರ್ಲಿ ಕ್ರಷರ್ ಅವರನ್ನು ಮದುವೆಯಾಗಿ, ರೆನೆ ಎಂಬ ಮಗನನ್ನು ಎತ್ತಿ ಆಡಿಸಿದ್ದನ್ನು ನೀವು ಓದಿದ್ದೀರಿ. 2020ರ ‘ಪಿಕಾರ್ಡ್’ ಧಾರಾವಾಹಿ ಶುರುವಾದಾಗ ಅದೇ ಮನುಷ್ಯ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹೆಂಡತಿ ಮಕ್ಕಳಿಲ್ಲದೆ ಇದ್ದಾನೆ. ಅಷ್ಟು ವರ್ಷ ಜೊತೆಗಿದ್ದ ಸಂಸಾರ ಇರಲೇ ಇಲ್ಲ ಎಂದರೆ ಯಾರಿಗಾದರೂ ನೋವಾಗುತ್ತದೆ.

ಇವು ಟೈ-ಇನ್ ಕಾದಂಬರಿಗಳು (ಟಿವಿ ಕಥೆಯ ಪಾತ್ರಗಳನ್ನು ಇಟ್ಟುಕೊಂಡು, ಹಕ್ಕುದಾರರ ಒಪ್ಪಿಗೆ ಪಡೆದು ಬರೆದವು). ಇವುಗಳಿಗೂ ಕ್ಯಾನನ್‌ಗೂ (ಆ ಕಥಾಲೋಕದಲ್ಲಿ ಅಧಿಕೃತವಾಗಿ ನಡೆದದ್ದು ಎಂದು ಒಪ್ಪಿದ ಭಾಗಕ್ಕೂ) ನಡುವೆ ಮೊದಲಿನಿಂದಲೂ ಗೆರೆ ಇದೆ. ಟಿವಿಯವರು ಪುಸ್ತಕಕ್ಕೆ ಕಟ್ಟುಬಿದ್ದವರಲ್ಲ. ಬರೆದವರಿಗೂ ಇದು ಗೊತ್ತಿತ್ತು.

ಆದರೂ ಅವರು ನಿಮ್ಮನ್ನು ನಡುದಾರಿಯಲ್ಲಿ ಬಿಡಲಿಲ್ಲ. 2021ರಲ್ಲಿ ಡೇಟನ್ ವಾರ್ಡ್, ಜೇಮ್ಸ್ ಸ್ವಾಲೋ, ಡೇವಿಡ್ ಮ್ಯಾಕ್ ಸೇರಿ ‘ಕೋಡಾ’ ಎಂಬ ಮೂರು ಕಾದಂಬರಿಗಳ ಸರಣಿಯಲ್ಲಿ ಆ ಇಡೀ ಪುಸ್ತಕಲೋಕಕ್ಕೆ ಮುಕ್ತಾಯ ಬರೆದರು. ಅದನ್ನು ನೀವಿನ್ನೂ ಓದಿಲ್ಲದಿದ್ದರೆ ಓದಿ. ಅಳು ಬಂದರೆ ಬರಲಿ. ತಮ್ಮ ಓದುಗರಿಗೆ ಇಷ್ಟು ಮರ್ಯಾದೆಯಿಂದ ವಿದಾಯ ಹೇಳಿದ ಸರಣಿಗಳು ಕಡಿಮೆ ಎಂದೇ ನನ್ನ ಭಾವನೆ.

ಪುಸ್ತಕದಿಂದ ಪರದೆಗೆ ಹೋದದ್ದೂ ಉಂಟು. ಮೂಲ ಧಾರಾವಾಹಿಯ ಸುಲು ಎಂಬ ಪಾತ್ರಕ್ಕೆ ‘ಹಿಕಾರು’ ಎಂಬ ಮೊದಲ ಹೆಸರಿಟ್ಟವರು ವೊಂಡಾ ಮೆಕಿಂಟೈರ್, 1981ರ ‘ದಿ ಎಂಟ್ರೊಪಿ ಎಫೆಕ್ಟ್’ ಕಾದಂಬರಿಯಲ್ಲಿ. ಹತ್ತು ವರ್ಷ ಕಳೆದು, 1991ರ ಆರನೆಯ ಚಲನಚಿತ್ರದಲ್ಲಿ ಆ ಹೆಸರು ಪರದೆಯ ಮೇಲೆ ಕೇಳಿಬಂತು. 1984ರ ‘ದಿ ಫೈನಲ್ ರಿಫ್ಲೆಕ್ಷನ್’ ಪುಸ್ತಕದಲ್ಲಿ ಜಾನ್ ಎಂ. ಫೋರ್ಡ್ ಕ್ಲಿಂಗಾನರನ್ನು (ಆ ಕಥಾಲೋಕದ ಯೋಧ ಜನಾಂಗವನ್ನು) ಅವರ ಮನೆಯೊಳಗೆ ಕೂತು ನೋಡಿದ್ದಾರೆ. ಮೂಲ ಧಾರಾವಾಹಿಯ ನಾಯಕ ಕಿರ್ಕ್ ಅಲ್ಲಿ ಕಥೆಯ ಆಚೀಚೆ ಮಾತ್ರ ಬರುತ್ತಾನೆ. ಟಿವಿ ಆಮೇಲೆ ಕ್ಲಿಂಗಾನರನ್ನು ಬೇರೆ ದಾರಿಯಲ್ಲೇ ಕರೆದೊಯ್ದಿತು. ಹಾಗೆಂದು ಫೋರ್ಡ್ ಅವರ ಪುಸ್ತಕದ ತೂಕ ಇಳಿದಿದೆಯೇ? ನನ್ನ ಮಟ್ಟಿಗೆ ಈ ಸಾಲಿನ ಪುಸ್ತಕಗಳಲ್ಲಿ ಅದಕ್ಕೇ ಮೊದಲ ಮಣೆ.

ಕನ್ನಡದವರಾದ ನಮಗೆ ಇದು ಹೊಸತೂ ಅಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ತೊರವೆ ರಾಮಾಯಣದಲ್ಲಿ ರಾಮ. ಎರಡನ್ನೂ ನಾವು ಒಂದೇ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ. ರೆನೆಯನ್ನೂ ಹಾಗೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ‘ಡಾಕ್ಟರ್ ಹೂ’ ಪುಸ್ತಕ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಇದು ಓದೇ? ದೆಹಲಿಯಲ್ಲಿ ಬೆಳೆಯುವ ಮಗು, ಕನ್ನಡ ಪೂರ್ತಿ ಮರೆತೀತು ಎಂಬ ಭಯ.

ಉತ್ತರ: ಓದೇ, ತಾಯಿ. ಭಯ ಬೇಡ. ಬಿಬಿಸಿಯವರು ಈ ಧಾರಾವಾಹಿಯ ಅರವತ್ತರ ದಶಕದ ಎಷ್ಟೋ ಕಂತುಗಳ ಟೇಪುಗಳನ್ನು ಅಳಿಸಿಹಾಕಿದ್ದರು. ಮನೆಯಲ್ಲಿ ವಿಡಿಯೊ ಇಲ್ಲದ ಕಾಲಕ್ಕೆ ಆ ಕಥೆಗಳನ್ನು ಮಕ್ಕಳ ಕೈಗೆ ಕೊಟ್ಟದ್ದು 1973ರಿಂದ ಬಂದ ಟಾರ್ಗೆಟ್ ಪುಸ್ತಕಗಳು. ಟೆರೆನ್ಸ್ ಡಿಕ್ಸ್ ಒಬ್ಬರೇ ಅರವತ್ತಕ್ಕೂ ಹೆಚ್ಚು ಬರೆದರು. ಚಿಕ್ಕ ವಾಕ್ಯ, ಚುರುಕು ಕಥೆ. ಓದಿನ ರುಚಿ ಹತ್ತಿಸಲು ಹೇಳಿ ಮಾಡಿಸಿದಂಥವು.

ಕನ್ನಡದ ಆತಂಕ ಸಹಜ. ಅದಕ್ಕೆ ಪುಸ್ತಕ ಕಿತ್ತುಕೊಳ್ಳಬೇಡಿ. ರಾತ್ರಿ ಊಟಕ್ಕೆ ಕೂತಾಗ ಅಂದು ಓದಿದ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿಸಿ. ತಡವರಿಸಿದರೆ ತಿದ್ದದೆ, “ಆಮೇಲೇನಾಯ್ತು?” ಎಂದಷ್ಟೇ ಕೇಳಿ. ನಾಲಿಗೆ ಸಲೀಸಾದ ಮೇಲೆ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳನ್ನು ನೀವೇ ಓದಿ ಹೇಳಿ.

ಪ್ರಶ್ನೆ: ಟಿವಿ ಕಥೆಗಳ ಇಂಥ ಹಳೆಯ ಪುಸ್ತಕಗಳನ್ನು ದೆಹಲಿಯಲ್ಲಿ ಹುಡುಕಲು ಎಲ್ಲಿಗೆ ಹೋಗಲಿ? ಸಂದಣಿಯಲ್ಲಿ ಮೋಸಹೋಗುವ ಅಂಜಿಕೆ.

ಉತ್ತರ: ಅಂಜಿಕೆ ಇದ್ದರೆ ಬೆಳಿಗ್ಗೆ ಬೇಗ ಹೋಗಿ. ದರಿಯಾಗಂಜಿನ ಭಾನುವಾರದ ಪುಸ್ತಕ ಸಂತೆ 2019ರಿಂದ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್‌ನಲ್ಲಿದೆ. ಮಯೂರ್ ವಿಹಾರ್-1ರಿಂದಾದರೆ ಮೆಟ್ರೊದ ಬ್ಲೂ ಲೈನ್‌ನಲ್ಲಿ ಮಂಡಿ ಹೌಸ್, ಅಲ್ಲಿ ವಯೊಲೆಟ್ ಲೈನ್‌ಗೆ ಬದಲಿಸಿ ದಿಲ್ಲಿ ಗೇಟ್‌ನಲ್ಲಿ ಇಳಿಯಿರಿ.

ಜೇಮ್ಸ್ ಬ್ಲಿಶ್ 1967ರಿಂದ ಬರೆದ ಸ್ಟಾರ್ ಟ್ರೆಕ್ ಸಂಪುಟಗಳು ಕಂಡರೆ ತೆಗೆದುಕೊಳ್ಳಿ. ಅವರು ಚಿತ್ರಕಥೆಯ ಪ್ರತಿಗಳನ್ನು ನೋಡಿ ಬರೆದವರು, ಆದ್ದರಿಂದ ಕಥೆ ಟಿವಿಗಿಂತ ಅಲ್ಲಲ್ಲಿ ಬೇರೆ ಇರುತ್ತದೆ. ಮುದ್ರಣದ ತಪ್ಪೆಂದು ಗಾಬರಿಯಾಗಬೇಡಿ. ಹಣ ಕೊಡುವ ಮುಂಚೆ ಕೊನೆಯ ಹಾಳೆ ಇದೆಯೇ ನೋಡಿ. ಹಳೆಯ ಪೇಪರ್‌ಬ್ಯಾಕ್‌ನ ಬೆನ್ನಿನ ಅಂಟು ಒಣಗಿರುತ್ತದೆ, ಪೂರ್ತಿ ಅಗಲಿಸಿದರೆ ಹಾಳೆ ಕಳಚುತ್ತದೆ. ಅರ್ಧ ತೆರೆದೇ ಓದಿ.