ಸಾವಿರಕ್ಕೆ ನಾನೂರ ಎರಡು

ಶ್ರೀರಾಂಪುರ
ಹೊಸದುರ್ಗ ತಾಲ್ಲೂಕು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ: ‘ದೊಡ್ಡಪ್ಪಾ, ಎರಡು ಕಂಪನಿ ಒಂದಾಗ್ತವಂತೆ. ಚಿಕ್ಕ ಕಂಪನಿಯ ಷೇರು ಈಗಲೇ ತಗೊಂಡ್ರೆ ಲಾಭ ಅಂತ ಆಫೀಸಿನಲ್ಲಿ ಎಲ್ಲಾ ಹೇಳ್ತಿದಾರೆ. ತಗೊಳ್ಳಲಾ?’ ನಿನ್ನ ದುಡಿಮೆಯ ದುಡ್ಡು, ನಿರ್ಧಾರವೂ ನಿನ್ನದೇ. ಆದರೆ ಕೊಳ್ಳುವ ಮೊದಲು ಮಾಡಲೇಬೇಕಾದ ಒಂದು ಲೆಕ್ಕವಿದೆ. ಅದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಕಾಗದ ಪೆನ್ನು ಬೇಕು. ಅದಕ್ಕೇ ಈ ಪತ್ರ.

ಬ್ಯಾಂಕು ಬ್ಯಾಂಕು ಕೂಡುವುದನ್ನು ನಮ್ಮ ಸೀಮೆಯವರು ಚೆನ್ನಾಗಿಯೇ ನೋಡಿದ್ದಾರೆ. ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, 2013ರಲ್ಲಿ ಅದು ಪ್ರಗತಿ ಕೃಷ್ಣ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಬೋರ್ಡು ಬದಲಾಯಿತು, ಪಾಸ್ ಬುಕ್ ಬದಲಾಯಿತು. ಠೇವಣಿಯಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಆ ಅನುಭವ ನೆಚ್ಚಿಕೊಂಡು ಷೇರಿನ ಲೆಕ್ಕ ಹಾಕಬಾರದು. ಠೇವಣಿ ಇಟ್ಟವರಿಗೆ ಬ್ಯಾಂಕು ಸಾಲಗಾರ. ಷೇರು ಕೊಂಡವರು ಬ್ಯಾಂಕಿನ ಪಾಲುದಾರರು. ವಿಲೀನದಲ್ಲಿ ಠೇವಣಿ ಇದ್ದಂತೆಯೇ ದಾಟಿಕೊಳ್ಳುತ್ತದೆ, ಪಾಲನ್ನು ಮಾತ್ರ ಹೊಸದಾಗಿ ಅಳೆಯುತ್ತಾರೆ. ಆ ಅಳತೆಯೇ ವಿನಿಮಯ ಅನುಪಾತ. ನಿನ್ನ ಲಾಭ ನಷ್ಟವೆಲ್ಲ ಅದರಲ್ಲಿದೆ.

ವಿಜಯಾ ಬ್ಯಾಂಕಿನ ಕತೆ ಹೇಳುತ್ತೇನೆ. 1931ರಲ್ಲಿ ಮಂಗಳೂರಿನಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಮುಂದೆ ನಿಂತು ಕಟ್ಟಿದ ಬ್ಯಾಂಕು ಅದು. 2017–18ರಲ್ಲಿ ಸರ್ಕಾರಿ ಬ್ಯಾಂಕುಗಳು ಸಾಲು ಸಾಲಾಗಿ ನಷ್ಟ ತೋರಿಸಿದಾಗ ಲಾಭ ತೋರಿಸಿದ್ದು ಎರಡೇ: ಇಂಡಿಯನ್ ಬ್ಯಾಂಕ್ ಮತ್ತು ನಮ್ಮ ವಿಜಯಾ ಬ್ಯಾಂಕ್. 2018ರ ಸೆಪ್ಟೆಂಬರ್ 17ರ ಸಂಜೆ, ಪೇಟೆ ಮುಚ್ಚಿದ ಮೇಲೆ, ವಿಜಯಾ ಮತ್ತು ದೇನಾ ಬ್ಯಾಂಕುಗಳನ್ನು ಬ್ಯಾಂಕ್ ಆಫ್ ಬರೋಡಾ ಜೊತೆ ಕೂಡಿಸುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು. ದೇನಾ ಆಗ ಕೆಟ್ಟ ಸಾಲಗಳಲ್ಲಿ ಮುಳುಗಿತ್ತು. ಹೊಸ ಸಾಲ ಕೊಡಬೇಡ ಎಂದು ರಿಸರ್ವ್ ಬ್ಯಾಂಕ್ ಅದರ ಕೈ ಕಟ್ಟಿತ್ತು. ಮರುದಿನ ಏನಾಯಿತು ಗೊತ್ತೇ? ಎಲ್ಲಕ್ಕಿಂತ ದುರ್ಬಲವಾಗಿದ್ದ ದೇನಾ ಷೇರು ಒಂದೇ ದಿನಕ್ಕೆ ಸುಮಾರು ಶೇ 20 ಏರಿ 19 ರೂಪಾಯಿಗೆ ಬಂತು. ದೊಡ್ಡ ಬರೋಡಾ ಶೇ 16ರಷ್ಟು ಕುಸಿಯಿತು. ಗಟ್ಟಿಯಾಗಿದ್ದ ವಿಜಯಾ ಕೂಡ ಶೇ 5ಕ್ಕಿಂತ ಹೆಚ್ಚು ಇಳಿಯಿತು.

ಪೇಟೆಗೆ ಹುಚ್ಚು ಹಿಡಿದಿರಲಿಲ್ಲ. ಮುಳುಗುತ್ತಿದ್ದವನಿಗೆ ಆಸರೆ ಸಿಕ್ಕಿತು ಎಂದು ದೇನಾ ಏರಿತು. ಅವನ ಭಾರ ಹೊರಬೇಕಾದವರು ಇವರು ಎಂದು ಉಳಿದೆರಡೂ ಇಳಿದವು. ಸ್ವಾಧೀನದಲ್ಲಿ ಬಹಳ ಸಲ ನಡೆಯುವುದು ಇದೇ: ಕೊಳ್ಳುವ ಕಂಪನಿಯ ಬೆಲೆ ಇಳಿಯುತ್ತದೆ, ಮಾರಿಕೊಳ್ಳುವ ಕಂಪನಿಯ ಬೆಲೆ ಏರುತ್ತದೆ. ಭೀಮಸಮುದ್ರದ ಕಡೆ ಅಡಿಕೆ ತೋಟವನ್ನು ಚೇಣಿಗೆ ಕೊಡುವುದನ್ನು ನೀನು ನೋಡಿದ್ದೀಯ. ತೋಟದವನಿಗೆ ಬರುವ ಮೊತ್ತ ಮಾತು ಮುಗಿದ ದಿನವೇ ಗೊತ್ತು. ಚೇಣಿದಾರನ ಲೆಕ್ಕ ಗೊತ್ತಾಗುವುದು ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಾರಿದ ಮೇಲೆ. ಪೈಪೋಟಿಗೆ ಬಿದ್ದು ಹೆಚ್ಚು ಕೂಗಿದವನಿಗೆ ತೋಟವೇನೋ ಸಿಗುತ್ತದೆ, ಗಿಟ್ಟುತ್ತದೆಂದು ಹೇಳಲಾಗದು. ಕೊಳ್ಳುವ ಕಂಪನಿಯ ಷೇರುದಾರರು ಚೇಣಿದಾರನ ಜಾಗದಲ್ಲಿರುತ್ತಾರೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸುದ್ದಿ ಕೇಳಿ ಸೆಪ್ಟೆಂಬರ್ 18ರಂದು ಯಾರೋ 1000 ದೇನಾ ಷೇರು ಕೊಂಡರು ಅಂದುಕೋ. 19 ರೂಪಾಯಿಯಂತೆ 19,000. ಅನುಪಾತ ಆಗಿನ್ನೂ ಪ್ರಕಟವಾಗಿರಲಿಲ್ಲ. ಬಂದಿದ್ದು 2019ರ ಜನವರಿ 2ರಂದು. ದೇನಾದ ಸಾವಿರ ಷೇರಿಗೆ ಬರೋಡಾದ 110, ವಿಜಯಾದ ಸಾವಿರಕ್ಕೆ 402. ಅವತ್ತು ಬರೋಡಾ ಷೇರಿನ ಬೆಲೆ 119 ರೂಪಾಯಿ ಆಸುಪಾಸು. ನೂರಾಹತ್ತನ್ನು ಅದರಿಂದ ಗುಣಿಸು: ಸುಮಾರು 13,000. ಸುದ್ದಿಗೆ ಕೊಂಡವರ ಹತ್ತೊಂಬತ್ತರಲ್ಲಿ ಆರು ಸಾವಿರ ಹೋಯಿತು. ವಿಜಯಾದ ಸಾವಿರ ಷೇರಿಗೆ ಪೇಟೆಯಲ್ಲಿ ಅವತ್ತು 51,000 ಬೆಲೆಯಿತ್ತು. 402 ಬರೋಡಾ ಷೇರು ಅಂದರೆ 48,000ದ ಹತ್ತಿರ. ಲಾಭದಲ್ಲಿದ್ದ ಬ್ಯಾಂಕಿನ ಪಾಲುದಾರರಿಗೂ ಪೇಟೆ ಬೆಲೆಗಿಂತ ಕಡಿಮೆಯೇ ಸಿಕ್ಕಿತು. ಮರುದಿನ ದೇನಾ ಸುಮಾರು ಶೇ 20 ಬಿತ್ತು, ವಿಜಯಾ ಶೇ 7ರಷ್ಟು ಇಳಿಯಿತು. ಯಾರೂ ಕೂತು ಗುಣಾಕಾರ ಮಾಡಬೇಕಿರಲಿಲ್ಲ. ಅನುಪಾತ ಬಂದೊಡನೆ ಪೇಟೆಯೇ ಮಾಡಿ ತೋರಿಸಿತು.

ಆ 402 ಷೇರು ಹಿಡಿದುಕೊಂಡವರ ಮುಂದಿನ ಕತೆಯೂ ಇದೆ. ವಿಲೀನ 2019ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಕೊರೋನಾ ಬಂದ 2020ರ ಮೇ ತಿಂಗಳಲ್ಲಿ ಬರೋಡಾ ಷೇರು 40 ರೂಪಾಯಿಗಿಂತ ಕೆಳಗಿಳಿಯಿತು. 2024ರಲ್ಲಿ 250 ದಾಟಿತು. ಗಾಬರಿಯಾಗಿ ಮಾರಿದವರಿಗೂ ತಾಳಿಕೊಂಡವರಿಗೂ ಸಿಕ್ಕ ಅನುಪಾತ ಒಂದೇ. ಅನುಪಾತ ನಿನ್ನ ಪಾಲು ಎಷ್ಟೆಂದು ಗೊತ್ತುಮಾಡುತ್ತದೆ. ಆಮೇಲಿನದ್ದು ಕೂಡಿದ ಸಂಸ್ಥೆ ಹೇಗೆ ನಡೆಯುತ್ತದೆ ಎಂಬುದರ ಮೇಲೆ.

ನಮ್ಮ ಮೈಸೂರು ಬ್ಯಾಂಕಿನಲ್ಲಿ ಇನ್ನೊಂದು ಪಾಠವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಲ್ಲಿ ಶುರುವಾದ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ಹತ್ತು ಮೈಸೂರು ಬ್ಯಾಂಕ್ ಷೇರಿಗೆ 22 ಸ್ಟೇಟ್ ಬ್ಯಾಂಕ್ ಷೇರು. ಕೇಳಿದ ತಕ್ಷಣ ಎರಡು ಪಟ್ಟಿಗಿಂತ ಹೆಚ್ಚು ಸಿಕ್ಕಿತಲ್ಲ ಅನ್ನಿಸುತ್ತದೆ. ಆದರೆ ಮೈಸೂರು ಬ್ಯಾಂಕ್ ಷೇರಿನ ಮುಖಬೆಲೆ 10 ರೂಪಾಯಿ, ಸ್ಟೇಟ್ ಬ್ಯಾಂಕಿನದು 1 ರೂಪಾಯಿ. ಷೇರುಗಳ ಸಂಖ್ಯೆ ನೋಡಿ ಹಿಗ್ಗಬೇಡ, ಪೇಟೆ ಬೆಲೆಯಿಂದ ಗುಣಿಸಿ ನೋಡು. ಅದಾದ ಮೂರು ವರ್ಷಕ್ಕೆ, 2020ರ ಏಪ್ರಿಲ್ 1ರಂದು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸಾವಿರಕ್ಕೆ 158ರಂತೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸಾವಿರಕ್ಕೆ 330ರಂತೆ ಸೇರಿದವು. ಕರಾವಳಿಯವರು ಕಟ್ಟಿದ ಬ್ಯಾಂಕುಗಳ ಹೆಸರು ಹೀಗೆ ಒಂದೊಂದಾಗಿ ಅಳಿದುಹೋದದ್ದು ನನಗೆ ಇವತ್ತಿಗೂ ನೋವಿನ ವಿಷಯ. ಆ ನೋವನ್ನು ಲೆಕ್ಕದೊಳಗೆ ಬೆರೆಸಬಾರದು, ಅಷ್ಟೇ.

ಸರ್ಕಾರಿ ಬ್ಯಾಂಕುಗಳನ್ನು ಸರ್ಕಾರವೇ ಕೂಡಿಸುತ್ತದೆ, ಸಣ್ಣ ಷೇರುದಾರರ ಮತ ಅಲ್ಲಿ ಕೇಳುವುದಿಲ್ಲ. ಖಾಸಗಿ ಕಂಪನಿಯ ದಾರಿ ಬೇರೆ. ಬೆಂಗಳೂರಿನ ಮೈಂಡ್‌ಟ್ರೀ ನೋಡು. 2019ರ ಮಾರ್ಚ್‌ನಲ್ಲಿ ವಿ.ಜಿ. ಸಿದ್ಧಾರ್ಥ ಅವರ ಕಡೆಯಿದ್ದ ಶೇ 20.32 ಪಾಲನ್ನು ಷೇರಿಗೆ 980 ರೂಪಾಯಿಯಂತೆ ಕೊಳ್ಳಲು ಎಲ್ ಅಂಡ್ ಟಿ ಒಪ್ಪಂದ ಮಾಡಿಕೊಂಡಿತು. ಸಂಸ್ಥಾಪಕರು ಬಹಿರಂಗವಾಗಿಯೇ ವಿರೋಧಿಸಿದರು. ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ನಿಯಮದಂತೆ ಒಂದು ಲಿಸ್ಟೆಡ್ ಕಂಪನಿಯ ಶೇ 25 ಮುಟ್ಟುವವರು ಸಾರ್ವಜನಿಕರಿಂದಲೂ ಕನಿಷ್ಠ ಶೇ 26 ಕೊಳ್ಳುವುದಾಗಿ ಓಪನ್ ಆಫರ್ ಕೊಡಬೇಕು. ದೊಡ್ಡವರಿಗೆ ಸಿಕ್ಕ ಬೆಲೆ ಚಿಕ್ಕವರಿಗೂ ಸಿಗಲಿ ಎಂಬ ನ್ಯಾಯ ಅದರಲ್ಲಿದೆ. ನನಗೆ ಬಹಳ ಇಷ್ಟವಾದ ನಿಯಮ. ಎಲ್ ಅಂಡ್ ಟಿ ಶೇ 31ಕ್ಕೆ ಅದೇ 980 ಕೊಟ್ಟಿತು. ಕೆಲವೇ ತಿಂಗಳಲ್ಲಿ ಷೇರು 700ರ ಆಸುಪಾಸಿಗೆ ಇಳಿದಾಗ ಮಾರಿದವರೇ ಜಾಣರು ಎಂದರು. 2022ರ ಆರಂಭದಲ್ಲಿ ಅದೇ ಷೇರು 5,000ದ ಹತ್ತಿರ ಹೋಯಿತು, ಆಗ ಉಳಿಸಿಕೊಂಡವರು ಜಾಣರಾದರು.

ಯುನೈಟೆಡ್ ಸ್ಪಿರಿಟ್ಸ್ ಕತೆ ಇನ್ನೂ ಸ್ಪಷ್ಟ. 2012ರ ನವೆಂಬರ್‌ನಲ್ಲಿ ಅದನ್ನು ಕೊಳ್ಳಲು ಹೊರಟ ಡಿಯಾಜಿಯೊ ಕಂಪನಿ ಷೇರಿಗೆ ನಿಗದಿಪಡಿಸಿದ ಬೆಲೆ 1,440 ರೂಪಾಯಿ. ಓಪನ್ ಆಫರ್ ಬಾಗಿಲು ತೆರೆಯುವ ಹೊತ್ತಿಗೆ ಪೇಟೆ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಹೆಚ್ಚುಕಡಿಮೆ ಯಾರೂ ಕೊಡಲಿಲ್ಲ. 2014ರಲ್ಲಿ ಡಿಯಾಜಿಯೊ 3,030 ರೂಪಾಯಿಗೆ ಮತ್ತೆ ಕೇಳಬೇಕಾಯಿತು. ಓಪನ್ ಆಫರ್ ಬಂದಾಗ ಪೇಟೆಯ ಅವತ್ತಿನ ಬೆಲೆಯ ಪಕ್ಕದಲ್ಲಿ ಇಟ್ಟು ನೋಡು ಅನ್ನುವುದು ಇದಕ್ಕೇ.

ನಮ್ಮ ಜಿಲ್ಲೆಯಲ್ಲೇ ಕಬ್ಬಿಣದ ಅದಿರು ತೆಗೆಯುವ ಸೇಸಾ ಗೋವಾ ನಿನಗೆ ಗೊತ್ತು. 2007ರಲ್ಲಿ ಜಪಾನಿನ ಮಿತ್ಸುಯಿ ತನ್ನ ಶೇ 51 ಪಾಲನ್ನು ವೇದಾಂತ ಗುಂಪಿಗೆ ಮಾರಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ಸೇಸಾ ಗೋವಾ ಮತ್ತು ಸ್ಟರ್ಲೈಟ್ ವಿಲೀನ ಪ್ರಕಟವಾಯಿತು: ಐದು ಸ್ಟರ್ಲೈಟ್ ಷೇರಿಗೆ ಮೂರು ಸೇಸಾ. ಬರೀ ಅದಿರಿನ ಕಂಪನಿ ಎಂದು ಷೇರು ಕೊಂಡವರು ಸತು, ಅಲ್ಯೂಮಿನಿಯಂ, ತಾಮ್ರದ ಪಾಲುದಾರರಾದರು. ಜೊತೆಗೆ ದೊಡ್ಡ ಸಾಲವೂ ಬಂತು. ನೀನು ಆರಿಸಿಕೊಂಡ ವ್ಯಾಪಾರವೇ ನಿನ್ನ ಕೈಯಲ್ಲಿ ಬದಲಾಗಬಹುದು ಎಂಬುದನ್ನು ಮರೆಯಬೇಡ. ಅದೇ ವೇದಾಂತ 2015ರಲ್ಲಿ ಕೇರ್ನ್ ಇಂಡಿಯಾವನ್ನು ಸೇರಿಸಿಕೊಳ್ಳಲು ಹೊರಟಾಗ ಒಂದು ಷೇರಿಗೆ ತನ್ನದೊಂದು ಷೇರು ಮತ್ತು 10 ರೂಪಾಯಿಯ ಒಂದು ಆದ್ಯತಾ ಷೇರು ಕೊಡುತ್ತೇನೆಂದಿತು. ಹೊರಗಿನ ಷೇರುದಾರರಿಗೆ ಅದು ಸಾಲಲಿಲ್ಲ. 2016ರ ಜುಲೈನಲ್ಲಿ ಆದ್ಯತಾ ಷೇರು ಒಂದರಿಂದ ನಾಲ್ಕಾಯಿತು. ಇಂಥ ಯೋಜನೆಗೆ ಮತ ಹಾಕಿದವರ ಪಾಲಿನ ಮೌಲ್ಯದಲ್ಲಿ ಮುಕ್ಕಾಲು ಭಾಗದ ಒಪ್ಪಿಗೆ ಬೇಕೆಂದು ಕಂಪನಿ ಕಾಯ್ದೆ ಹೇಳುತ್ತದೆ, ಮೇಲೆ ಕಂಪನಿ ಕಾನೂನು ನ್ಯಾಯಮಂಡಳಿಯ ಮಂಜೂರಾತಿ ಬೇಕು. ಇ–ವೋಟಿಂಗ್ ಇಮೇಲ್ ಬಂದರೆ ಅಳಿಸಿಬಿಡಬೇಡ, ಓದು, ಮತ ಹಾಕು. ನಿನ್ನ ಹತ್ತು ಷೇರಿಗೂ ಅಲ್ಲಿ ಬೆಲೆಯಿದೆ.

ಮಾತುಕತೆ ಮುರಿದುಬೀಳುವುದೂ ಉಂಟು. ಜೀ ಮತ್ತು ಸೋನಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದಾಗುತ್ತೇವೆ ಎನ್ನುತ್ತಿದ್ದವು. 2024ರ ಜನವರಿ 22ರಂದು ಸೋನಿ ಹಿಂದೆ ಸರಿಯಿತು. ಮರುದಿನ ಜೀ ಷೇರು ಶೇ 30ರಷ್ಟು ಕುಸಿಯಿತು. ಪ್ರಕಟವಾದ ವಿಲೀನದಲ್ಲೂ ಕೊಡುವ ಬೆಲೆಗಿಂತ ಪೇಟೆ ಬೆಲೆ ಬಹಳ ಸಲ ಸ್ವಲ್ಪ ಕೆಳಗಿರುವುದು ಹೆಚ್ಚಾಗಿ ಈ ಭಯದಿಂದ. ಅದನ್ನು ಪುಕ್ಕಟೆ ಲಾಭ ಎಂದು ಯಾರಾದರೂ ತೋರಿಸಿದರೆ ನಂಬಬೇಡ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ‘ಒಳಗಿನ ಸುದ್ದಿ’ ಎಂದು ನಿನ್ನ ಆಫೀಸಿನಲ್ಲಿ ಯಾರಾದರೂ ಕಿವಿಯಲ್ಲಿ ಹೇಳಿದರೆ ಆ ಷೇರು ಮುಟ್ಟಲೇಬೇಡ. ಪ್ರಕಟವಾಗದ ವಿಲೀನದ ಮಾಹಿತಿ ಇಟ್ಟುಕೊಂಡು ವ್ಯವಹರಿಸುವುದು ಸೆಬಿಯ 2015ರ ನಿಯಮದ ಪ್ರಕಾರ ಅಪರಾಧ. ಕೇಳಿ ಕೊಂಡವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ಸುದ್ದಿ ಸುಳ್ಳಾದರೆ ದುಡ್ಡು ಹೋಗುತ್ತದೆ, ನಿಜವಾದರೆ ಮಾನ ಹೋಗುತ್ತದೆ. ನಿನ್ನಪ್ಪ ನಿನ್ನನ್ನು ಹಾಗೆ ಬೆಳೆಸಿಲ್ಲ.

ಹಾಗಾಗಿ ನಿನ್ನ ಆ ಕಂಪನಿಯ ವಿಷಯದಲ್ಲಿ ಅನುಪಾತ ಪ್ರಕಟವಾಗಿದೆಯೇ ನೋಡು. ಆಗಿದ್ದರೆ ಕೊಳ್ಳುವ ಕಂಪನಿಯ ಇವತ್ತಿನ ಬೆಲೆಯಿಂದ ಗುಣಿಸು, ಚಿಕ್ಕ ಕಂಪನಿಯ ಬೆಲೆಯ ಪಕ್ಕ ಇಡು. ಆಗಿಲ್ಲದಿದ್ದರೆ ನೀನು ಕೊಳ್ಳುತ್ತಿರುವುದು ಊಹೆಯನ್ನು. ಕೂಡಿದ ಕಂಪನಿಯನ್ನು ಐದು ವರ್ಷ ಇಟ್ಟುಕೊಳ್ಳಲು ನಿನಗೆ ಮನಸ್ಸಿದೆಯೇ ಎಂದೂ ಕೇಳಿಕೋ. ವಿಲೀನದಲ್ಲಿ ಹಳೆ ಷೇರು ಹೋಗಿ ಹೊಸದು ಬಂದರೆ ಆದಾಯ ತೆರಿಗೆಯವರು ಅದನ್ನು ಮಾರಾಟ ಎನ್ನುವುದಿಲ್ಲ, ನೀನು ಮೊದಲು ಕೊಂಡ ಬೆಲೆ, ದಿನಾಂಕವೇ ಮುಂದುವರಿಯುತ್ತವೆ. ಓಪನ್ ಆಫರ್‌ನಲ್ಲಿ ಕೊಟ್ಟರೆ ಅದು ಮಾರಾಟವೇ.

ನಿನ್ನಿಂದ ನನಗೂ ಒಂದು ಕೆಲಸವಾಗಬೇಕು. ನಿನ್ನ ಅಜ್ಜನ ಹೆಸರಿನಲ್ಲಿ ಮೈಸೂರು ಬ್ಯಾಂಕಿನ ಷೇರು ಪತ್ರಗಳು ಇನ್ನೂ ಕಾಗದದಲ್ಲೇ ಇವೆ. 2019ರ ಏಪ್ರಿಲ್‌ನಿಂದ ಕಾಗದದ ಷೇರುಗಳನ್ನು ವರ್ಗಾಯಿಸಿ ಮಾರುವುದು ನಿಂತಿದೆ, ಡಿಮ್ಯಾಟ್ ಮಾಡಿಸಲೇಬೇಕು. ಏಳು ವರ್ಷ ಕೇಳದೆ ಬಿಟ್ಟ ಡಿವಿಡೆಂಡ್ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ, ಅರ್ಜಿ ಹಾಕಿ ವಾಪಸು ಪಡೆಯಬೇಕು. ಹಬ್ಬಕ್ಕೆ ಬರುವಾಗ ಲ್ಯಾಪ್‌ಟಾಪ್ ತಾ. ಮರಣ ಪತ್ರ, ವಂಶವೃಕ್ಷ, ನಮ್ಮೆಲ್ಲರ ಪ್ಯಾನ್ ಜೆರಾಕ್ಸ್ ತೆಗೆಸಿಟ್ಟಿದ್ದೇನೆ. ಸ್ಟೇಟ್ ಬ್ಯಾಂಕಿನ ಷೇರು ರಿಜಿಸ್ಟ್ರಾರ್‌ಗೆ ಬರೆಯುವ ಅರ್ಜಿಯನ್ನು ನೀನೇ ಟೈಪ್ ಮಾಡಬೇಕು.

ನಿನ್ನ ದೊಡ್ಡಮ್ಮ ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದಾಳೆ, ರೂಮಿನ ಹುಡುಗಿಯರಿಗೂ ಕೊಡು.

ಇತಿ ನಿನ್ನ
ದೊಡ್ಡಪ್ಪ