ಆರು ಚುಕ್ಕೆಗಳಲ್ಲಿ ಕನ್ನಡ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಿಕ್ಷಣಕ್ಕೆ ಸಂಬಂಧಿಸಿದ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಐವತ್ತು ವರ್ಷಗಳ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆ. ಆದುದರಿಂದ ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರು ಅಪರೂಪವಾಗಿ ಕಾಣುವ ಮಕ್ಕಳ ವಿಷಯವನ್ನು ನಾನು ಆರಿಸಿಕೊಂಡಿದ್ದೇನೆ. ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ನಾನು ಕಂಡ ಕನ್ನಡ ಮನೆಗಳಲ್ಲಿ, ಕಣ್ಣು ಕಾಣದ ಮಗುವಿಗೆ ಎರಡೇ ದಾರಿಗಳಿದ್ದವು. ಒಂದು, ಮನೆಯಲ್ಲಿಯೇ ಉಳಿಯುವುದು. ಇನ್ನೊಂದು, ದೂರದ ಊರಿನ ಅಂಧರ ಶಾಲೆಗೆ ಸೇರಿ ಮರಾಠಿಯಲ್ಲಿ ಕಲಿಯುವುದು. ಎರಡನೆಯ ದಾರಿ ಹಿಡಿದ ಮಗು ರಜೆಗೆ ಬಂದಾಗ ತಾಯಿಯೊಡನೆ ಕನ್ನಡದಲ್ಲಿಯೇ ಮಾತನಾಡುತ್ತದೆ. ಆದರೆ ಕನ್ನಡದ ಒಂದು ಸಾಲನ್ನೂ ಓದಲಾರದು. ಮತ್ತೊಂದು ಲಿಪಿಯನ್ನು ಮೊದಲಿನಿಂದ ಕಲಿಯಬೇಕಲ್ಲ ಎಂದು ಪಾಲಕರು ಆ ಆಸೆಯನ್ನೇ ಬಿಡುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಸಹಾಯಕ ಸಾಧನ ಎಂಬ ಮಾತು ಹೊಸದಿರಬಹುದು, ವಸ್ತು ಹೊಸದಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಕಂಡ ನಮ್ಮ ಭಾಗದವರಿಗೆ ಊರುಗೋಲಿನ ಬೆಲೆ ಏನೆಂದು ಹೇಳಿಕೊಡಬೇಕಾಗಿಲ್ಲ. ನಾನು ಹಾಕಿಕೊಂಡಿರುವ ಕನ್ನಡಕವೂ ಅಂಥ ಸಾಧನವೇ. ಕಣ್ಣಿಲ್ಲದವರ ಓದಿಗೆ ಒದಗಿದ ಮುಖ್ಯ ಸಾಧನ ಬ್ರೈಲ್ ಲಿಪಿ. ಇದನ್ನು ರೂಪಿಸಿದ ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಕುದುರೆಗಳ ಜೀನು ಹೊಲಿಯುವವರು. ಮೂರು ವರ್ಷದ ಬಾಲಕ ಅಂಗಡಿಯ ದಬ್ಬಣದೊಡನೆ ಆಡುತ್ತಿದ್ದಾಗ ಅದು ಕಣ್ಣಿಗೆ ಚುಚ್ಚಿ, ಮುಂದೆ ಎರಡೂ ಕಣ್ಣುಗಳು ಹೋದವು. 1829ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವರು ತಮ್ಮ ಲಿಪಿಯನ್ನು ವಿವರಿಸುವ ಪುಸ್ತಕವನ್ನು ಹೊರತಂದರು.

ಲಿಪಿಯ ರಚನೆ ಸರಳ. ಒಂದು ಮನೆಯಲ್ಲಿ ಆರು ಚುಕ್ಕೆಗಳ ಸ್ಥಾನ. ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3, ಬಲಸಾಲಿನಲ್ಲಿ 4, 5, 6. ಯಾವ ಚುಕ್ಕೆಗಳು ಉಬ್ಬಿವೆ ಎಂಬುದರಿಂದ ಅಕ್ಷರ ತಿಳಿಯುತ್ತದೆ. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ದೇಶದಲ್ಲಿ ಹಲವು ಬಗೆಯ ಬ್ರೈಲ್ ಕ್ರಮಗಳಿದ್ದು, ಒಂದನ್ನು ಕಲಿತವನು ಇನ್ನೊಂದನ್ನು ಓದಲಾಗುತ್ತಿರಲಿಲ್ಲ. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಒಪ್ಪಿತವಾಯಿತು. ಇದರ ಸೂತ್ರವೆಂದರೆ, ಧ್ವನಿ ಒಂದೇ ಆದರೆ ಚುಕ್ಕೆಗಳೂ ಒಂದೇ. ಕನ್ನಡದ ಕ-ಕಾರಕ್ಕೆ 1 ಮತ್ತು 3ನೆಯ ಚುಕ್ಕೆಗಳು. ಮರಾಠಿಯ ಕ-ಕಾರಕ್ಕೂ ಅವೇ. ನಮ್ಮ ಎರಡೂ ಭಾಷೆಗಳಿಗೆ ಪ್ರಿಯವಾದ ಳ-ಕಾರಕ್ಕೆ ಎರಡರಲ್ಲಿಯೂ 4, 5, 6.

ಗುಣಿತಾಕ್ಷರಗಳ ತೊಡಕೂ ಇಲ್ಲಿಲ್ಲ. ‘ಕಿ’ ಎಂದು ಬರೆಯಲು ಕ-ಕಾರದ ಮುಂದಿನ ಮನೆಯಲ್ಲಿ ಇ-ಕಾರವನ್ನು ಇಟ್ಟರಾಯಿತು. ಒತ್ತಕ್ಷರವನ್ನು ಕೆಳಗೆ ಇಳಿಸುವಂತಿಲ್ಲ. ಅರ್ಧಾಕ್ಷರದ ಹಿಂದೆ 4ನೆಯ ಚುಕ್ಕೆಯೊಂದನ್ನೇ ಒಂದು ಮನೆಯಲ್ಲಿ ಬರೆಯುತ್ತಾರೆ. ಹೀಗೆ ‘ಅಕ್ಕ’ ಎಂಬ ಮಾತಿಗೆ ನಾಲ್ಕು ಮನೆಗಳು: ಅ, 4ನೆಯ ಚುಕ್ಕೆ, ಕ, ಕ. ಮರಾಠಿ ಬಲ್ಲ ಮಗು ಇದನ್ನು ಈಗಲೇ ಓದಬಲ್ಲದು.

ಹಾಗಾದರೆ ಮರಾಠಿ ಬ್ರೈಲ್ ಬಲ್ಲ ಮಗುವಿಗೆ ಕನ್ನಡ ಓದಲು ಹೊಸದಾಗಿ ಏನು ಬೇಕು? ಎರಡು ಅಕ್ಷರಗಳು. ಮರಾಠಿಯ ‘ಏ’, ‘ಓ’ಗಳ ಚುಕ್ಕೆಗಳು ನಮ್ಮ ದೀರ್ಘ ಏ, ಓಗಳಿಗೆ ಸಲ್ಲುತ್ತವೆ. ಕನ್ನಡದ ಹ್ರಸ್ವ ಎ-ಕಾರಕ್ಕೆ 2, 6. ಹ್ರಸ್ವ ಒ-ಕಾರಕ್ಕೆ 1, 3, 4, 6. ಇಷ್ಟೇ! ಕಣ್ಣುಳ್ಳ ನಮ್ಮ ಮಕ್ಕಳು ದೇವನಾಗರಿಯಿಂದ ಕನ್ನಡ ಲಿಪಿಗೆ ಬರಲು ತಿಂಗಳುಗಟ್ಟಲೆ ಕಷ್ಟಪಡುವುದನ್ನು ತರಗತಿಯಲ್ಲಿ ನೋಡಿದ ನನಗೆ, ನಿವೃತ್ತಿಯ ನಂತರ ಈ ಲಿಪಿಯನ್ನು ಕಲಿಯುವಾಗ ಅತ್ಯಂತ ಆಶ್ಚರ್ಯ ತಂದ ಸಂಗತಿ ಇದು. ನಿಜಾಮರ ಕಾಲದಲ್ಲಿ ಉರ್ದು ಓದಿದ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ಇನ್ನಷ್ಟು ಬೆರಗಾಗುತ್ತಿದ್ದರು. ಉರ್ದು ಕೂಡ ಬ್ರೈಲಿನಲ್ಲಿ ಎಡದಿಂದ ಬಲಕ್ಕೇ ನಡೆಯುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಅಂಧರಾಗಿದ್ದೂ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದವರು. ಒಬ್ಬ ಅಂಧನಿಗೆ ಒಂದು ಭಾಷೆ ಸಾಕು ಎನ್ನುವವರು ಅವರನ್ನು ನೆನೆಯಬೇಕು.

ಬರೆಯಲು ಬೇಕಾದುದು ರಂಧ್ರಗಳಿರುವ ಒಂದು ಸ್ಲೇಟು, ಒಂದು ಮೊಳೆ, ದಪ್ಪ ಕಾಗದ. ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ ಬರೆದು, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದಬೇಕು. ಶಿಕ್ಷಕರು ಆರಂಭದಲ್ಲಿ ಗೊಂದಲಗೊಳ್ಳುವುದು ಇಲ್ಲಿಯೇ. ಮಕ್ಕಳು ಗೊಂದಲಗೊಳ್ಳುವುದು ಕಡಿಮೆ.

ಈಗ ಮಾತನಾಡುವ ಯಂತ್ರಗಳೂ ಬಂದಿವೆ. ಗಣಕದ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು ಸ್ವತಃ ಅಂಧರು. ಅದು ಕನ್ನಡವನ್ನೂ ಓದುತ್ತದೆ. ಸಾಮಾನ್ಯ ಮೊಬೈಲ್ ಫೋನುಗಳಲ್ಲಿಯೂ ಈ ಅನುಕೂಲವಿದೆ. ಅದರ ಉಚ್ಚಾರ ನಮ್ಮ ಉದಗೀರ ಕಡೆಯ ಕನ್ನಡವಲ್ಲ ಎಂದು ಮಕ್ಕಳು ನಗುವುದುಂಟು, ನಗಲಿ. ಪುಣೆಯ ಬಾಲಭಾರತಿಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಪ್ರಕಟಿಸುತ್ತದೆ. ಆದರೆ ಯಾವುದೇ ಪುಸ್ತಕದ ಪುಟಗಳು ಬರಿಯ ಚಿತ್ರರೂಪದಲ್ಲಿದ್ದರೆ ಅಥವಾ ಹಳೆಯ ಅಕ್ಷರವಿನ್ಯಾಸದಲ್ಲಿದ್ದರೆ ಯಂತ್ರ ತೊದಲುತ್ತದೆ. ಯುನಿಕೋಡ್ ಅಕ್ಷರಗಳಲ್ಲಿ ಬೆರಳಚ್ಚಾಗಿದ್ದರೆ ಮಾತ್ರ ಸರಿಯಾಗಿ ಓದುತ್ತದೆ. ಆದಾಗ್ಯೂ ಕೇಳುವುದೊಂದೇ ಸಾಲದೆಂಬುದು ನನ್ನ ದೃಢ ಅಭಿಪ್ರಾಯ. ಹ್ರಸ್ವ-ದೀರ್ಘ, ಅಲ್ಪಪ್ರಾಣ-ಮಹಾಪ್ರಾಣಗಳ ಕಾಗುಣಿತ ಕಿವಿಯಿಂದ ಬಾರದು, ಬೆರಳಿನಿಂದಲೇ ಬರಬೇಕು.

ಒಬ್ಬ ಮಗುವಿಗಾಗಿ ಮಾಡಿದ ಸಾಧನ ತರಗತಿಗೆಲ್ಲ ಒದಗುತ್ತದೆ. ರಟ್ಟಿನ ಮೇಲೆ ಸುತಳಿ ಅಂಟಿಸಿ ಮಾಂಜ್ರಾ, ತೇರಣಾ ನದಿಗಳನ್ನು ಹರಿಸಿ, ಉಮರ್ಗೆಗೆ ಜೋಳದ ಕಾಳು, ನಿಲಂಗೆಗೆ ತೊಗರಿ, ಉದಗೀರಕ್ಕೆ ಕಡಲೆ ಅಂಟಿಸಿದ ಭೂಪಟವನ್ನು ನಾನು ಮಾಡಿ ನೋಡಿದ್ದೇನೆ. ಕಣ್ಣುಳ್ಳ ಮಕ್ಕಳೂ ಕಣ್ಣು ಮುಚ್ಚಿ ಊರು ಹುಡುಕಲು ಸಾಲುಗಟ್ಟಿದರು. ಶಿಕ್ಷಕರು ಹಲಗೆಯ ಮೇಲೆ ಬರೆದುದನ್ನು ಬಾಯಿಬಿಟ್ಟು ಓದುವ ಅಭ್ಯಾಸ ಮಾಡಿಕೊಂಡರೆ, ಹಿಂದಿನ ಸಾಲಿನಲ್ಲಿ ಮಂದದೃಷ್ಟಿಯಿಂದ ಬಳಲುತ್ತ ಯಾರಿಗೂ ಹೇಳದೆ ಕುಳಿತ ಮಗುವಿಗೂ ಪಾಠ ತಲುಪುತ್ತದೆ.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ, ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ ಹದಿನೆಂಟು ವರ್ಷಗಳವರೆಗೆ ಪುಸ್ತಕ ಮತ್ತು ಸೂಕ್ತ ಸಾಧನಗಳನ್ನು ಉಚಿತವಾಗಿ ಒದಗಿಸಬೇಕು. ಶಾಲೆ ಯಾವ ಮಾಧ್ಯಮದ್ದು ಎಂದು ಅದು ಕೇಳುವುದಿಲ್ಲ. ಪಾಲಕರು ಪ್ರಮಾಣಪತ್ರ ಮಾಡಿಸಿ, ಶಾಲೆಯ ಮೂಲಕ ಲಿಖಿತ ಬೇಡಿಕೆ ಸಲ್ಲಿಸಬೇಕು.

ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಪುಣೆ, ಸೊಲ್ಲಾಪುರ, ಬೆಂಗಳೂರುಗಳಲ್ಲಿ ಗಣಕದ ಮುಂದೆ ಕುಳಿತು ದುಡಿಯುವವರು. ಒಬ್ಬೊಬ್ಬರು ಒಂದೊಂದು ಪಾಠವನ್ನು ಯುನಿಕೋಡಿನಲ್ಲಿ ಬೆರಳಚ್ಚಿಸಿ ಮುಖ್ಯಾಧ್ಯಾಪಕರಿಗೆ ಕಳುಹಿಸಿದರೆ, ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ವೇಳೆಗೆ ಒಂದು ಇಯತ್ತೆಯ ಪುಸ್ತಕ ಸಿದ್ಧವಾಗಿರುತ್ತದೆ. ಮೊದಲನೆಯ ಪಾಠವನ್ನು ನಾನು ಆರಂಭಿಸಿದ್ದೇನೆ, ಎರಡನೆಯದರಿಂದ ಹಂಚಿಕೊಳ್ಳಬಹುದು.